ರಜಾಯಿ, ಹಾಸಿಗೆ ಹೊಲಿಸ್ತೀರಾ? ಬಟ್ಟೆ ಬಣ್ಣ ಆಮೇಲೆ ನೋಡಿ, ಮೊದಲು ಒಳಗಿನ ಮಾಲು ಯಾವುದು, ಎಷ್ಟು ಅಂತ ಕೇಳಿ

ಕೆಜಿಎಫ್/ಬಂಗಾರಪೇಟೆ: ಒಂದೇ ಅಳತೆ, ಒಂದೇ ತರದ ಹೂವಿನ ಬಟ್ಟೆ, ಎರಡು ರಜಾಯಿ. ಒಂದಕ್ಕೆ ಒಂದು ರೇಟು, ಪಕ್ಕದ್ದಕ್ಕೆ ಅದರ ಎರಡರಷ್ಟು. ಯಾಕೆ ಅಂತ ಕೇಳಿದ್ರೆ ಒಳಗಿನ ಮಾಲು ಬೇರೆ ಅನ್ನೋ ಉತ್ತರ ಬರುತ್ತೆ. ಉತ್ತರ ಸರಿಯೇ. ಆದರೆ ಒಂದು ಸಲ ಹೊಲಿದು ಬಾಯಿ ಮುಚ್ಚಿದ ಮೇಲೆ ಒಳಗಿರೋದು ಯಾವ ಮಾಲು, ಎಷ್ಟು ಮಾಲು ಅಂತ ಗಿರಾಕಿ ಕಣ್ಣಿಗೆ ಕಾಣೋದಿಲ್ಲ. ಹಾಗಾಗಿ ಬಟ್ಟೆ ನೋಡಿ ದುಡ್ಡು ಕೊಡ್ತೀವಿ, ಎರಡು ತಿಂಗಳಾದ ಮೇಲೆ ಒಂದು ಕಡೆ ಗಂಟು, ಇನ್ನೊಂದು ಕಡೆ ಬರೀ ಬಟ್ಟೆ.

ಕೆಜಿಎಫ್ ಸಮುದ್ರ ಮಟ್ಟದಿಂದ 2,700 ಅಡಿಗಿಂತ ಎತ್ತರದಲ್ಲಿರೋ ಊರು. ಡಿಸೆಂಬರ್, ಜನವರಿಯಲ್ಲಿ ಬೆಳಗಿನ ಜಾವದ ಚಳಿ ಎಂಥದ್ದು ಅಂತ ಮಾರಿಕುಪ್ಪಂನಿಂದ ಮೊದಲ ಟ್ರೈನ್ ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗೋರಿಗೆ ಗೊತ್ತು. ಹಾಗಂತ ಇದು ದೆಹಲಿ ಚಳಿ ಅಲ್ಲ. ನಮ್ಮ ಊರಿಗೆ, ನಮ್ಮ ಮನೆಗೆ ಯಾವ ಮಾಲು ಸರಿ, ಅದನ್ನ ಅಂಗಡಿಯಲ್ಲೇ ಹೇಗೆ ಪರೀಕ್ಷೆ ಮಾಡೋದು, ಅಂಗಡಿಯವರು ಏನು ಬರೆದುಕೊಟ್ರೆ ಇಬ್ಬರಿಗೂ ತಕರಾರು ಇರಲ್ಲ ಅನ್ನೋದು ಈ ಲೇಖನ.

ಬೆಚ್ಚಗಿಡೋದು ಹತ್ತಿ ಅಲ್ಲ, ಗಾಳಿ

ಮೊದಲು ಒಂದು ವಿಷಯ ತಿಳ್ಕೊಂಡ್ರೆ ಉಳಿದಿದ್ದೆಲ್ಲ ಸುಲಭ. ರಜಾಯಿ ತಾನಾಗಿ ಬಿಸಿ ಹುಟ್ಟಿಸೋದಿಲ್ಲ. ನಮ್ಮ ಮೈ ಶಾಖ ಹೊರಗೆ ಹೋಗದ ಹಾಗೆ ತಡೆಯುತ್ತೆ ಅಷ್ಟೇ. ಆ ತಡೆಯೋ ಕೆಲಸ ಮಾಡೋದು ಎಳೆ ಎಳೆ ನಡುವೆ ಸಿಕ್ಕಿಹಾಕಿಕೊಂಡ ಗಾಳಿ. ಎಳೆ ಬಿಡಿಬಿಡಿಯಾಗಿ ಅರಳಿ ನಿಂತಷ್ಟು ಗಾಳಿ ಹೆಚ್ಚು, ಬಿಸುಪು ಹೆಚ್ಚು. ಅದೇ ಹತ್ತಿ ಅದುಮಿ ಚಪ್ಪಟೆ ಆದ್ರೆ ತೂಕ ಅಷ್ಟೇ ಇರುತ್ತೆ, ಬೆಚ್ಚಗೆ ಇರಲ್ಲ.

ಜೈಪುರದ ರಜಾಯಿ ದೇಶದಲ್ಲೆಲ್ಲ ಹೆಸರು ಮಾಡಿದ್ದು ಇದೇ ಕಾರಣಕ್ಕೆ. ಅದರಲ್ಲಿ ಹತ್ತಿ ಕಡಿಮೆ, ಆದರೆ ಕಸ, ಧೂಳು ಎಲ್ಲ ತೆಗೆದು ಚೆನ್ನಾಗಿ ಹಿಂಜಿರ್ತಾರೆ. ಕೈಯಲ್ಲಿ ಎತ್ತಿದ್ರೆ ಹಗುರ, ಹೊದ್ದರೆ ಬೆಚ್ಚಗೆ. ಆದ್ದರಿಂದ ಭಾರ ಇದ್ರೆ ಒಳ್ಳೇ ಮಾಲು ಅನ್ನೋ ಲೆಕ್ಕ ಬಿಡಿ. ಭಾರ ಹೆಚ್ಚಿಸೋಕೆ ಧೂಳು, ಬೀಜದ ಚೂರು, ಹಳೇ ಬಟ್ಟೆ ಚಿಂದಿ ಕೂಡ ಸಾಕು.

ನಮ್ಮ ಕಡೆ ಸಿಗೋ ಮಾಲು ನಾಲ್ಕು ತರ

ನಮ್ಮ ತಾಲ್ಲೂಕುಗಳಲ್ಲಿ ಒಂದೇ ಬೀದಿಯಲ್ಲಿ ನಾಲ್ಕು ಭಾಷೆ. ಕನ್ನಡದಲ್ಲಿ ಅರಳೆ ಅಥವಾ ಹತ್ತಿ, ತಮಿಳಲ್ಲಿ ಪಂಜು, ತೆಲುಗಲ್ಲಿ ದೂದಿ, ಉರ್ದುವಲ್ಲಿ ರೂಯಿ. ಹೆಸರು ಯಾವುದೇ ಇರಲಿ, ಒಳಗೆ ಬರೋದು ಮುಖ್ಯವಾಗಿ ಈ ನಾಲ್ಕು.

1. ಅರಳೆ: ಬೀಜ ತೆಗೆದ ಹತ್ತಿ. ಕೋಲಾರ ಜಿಲ್ಲೆ ಹತ್ತಿ ಬೆಳೆಯೋ ಸೀಮೆ ಅಲ್ಲ. ಹತ್ತಿ ಅಂದ್ರೆ ರಾಯಚೂರು, ಧಾರವಾಡ, ಹಾವೇರಿ ಕಡೆ. ಇದರ ಜೊತೆಗೆ ಕೊಯಮತ್ತೂರು ಕಡೆಯಂಥ ನೂಲಿನ ಗಿರಣಿಗಳಲ್ಲಿ ಉಳಿಯೋ ಗಿಡ್ಡ ಎಳೆಯ ಹತ್ತಿಯೂ ಹಾಸಿಗೆಗೆ ಬರುತ್ತೆ. ಗಿಡ್ಡ ಎಳೆ ಅಂದ್ರೆ ಕಳಪೆ ಅಂತ ಅಲ್ಲ. ಸೀರೆ ನೂಲಿಗೆ ಉದ್ದ, ನುಣುಪು ಎಳೆ ಬೇಕು. ಹಾಸಿಗೆಗೆ ಸ್ವಲ್ಪ ಒರಟು, ಗಿಡ್ಡ ಎಳೆಯೇ ವಾಸಿ. ಒತ್ತಿದ್ರೆ ಮತ್ತೆ ಎದ್ದು ನಿಲ್ಲುತ್ತೆ. ಗಿರಣಿಯಿಂದ ಬಂದಿದ್ದು ಚೊಕ್ಕವಾಗಿದ್ರೆ ತೊಂದರೆ ಇಲ್ಲ.

ಅರಳೆ ಬೆವರು ಹೀರುತ್ತೆ. ಸಾಧಾರಣ ಹವೆಯಲ್ಲಿ ಹತ್ತಿ ತನ್ನ ತೂಕದ ಸುಮಾರು 8.5 ಪರ್ಸೆಂಟ್ ತೇವ ಹಿಡಿದಿಟ್ಟುಕೊಳ್ಳುತ್ತೆ. ಪಾಲಿಯೆಸ್ಟರ್ ಹಿಡಿಯೋದು 0.4 ಪರ್ಸೆಂಟ್ ಮಾತ್ರ. ಅದಕ್ಕೇ ಬೇಸಿಗೆಯಲ್ಲಿ ಹತ್ತಿ ಹಾಸಿಗೆ ಮೇಲೆ ಮಲಗಿದ್ರೆ ಬೆನ್ನು ಬೇಯೋದಿಲ್ಲ. ಮಳೆಗಾಲದಲ್ಲಿ ಅದೇ ಗುಣ ತೊಂದರೆ ಕೊಡುತ್ತೆ, ಹಾಸಿಗೆ ಥಂಡಿ ಹಿಡಿದು ಭಾರ ಆಗುತ್ತೆ.

2. ಬೂರುಗದ ಹತ್ತಿ: ತಮಿಳಿನ ಇಲವಂ ಪಂಜು, ತೆಲುಗಿನ ಬೂರುಗು ದೂದಿ. ಇದು ಗಿಡದ ಹತ್ತಿ ಅಲ್ಲ, ದೊಡ್ಡ ಮರದ ಕಾಯಿಯಿಂದ ಬರೋದು. ತಮಿಳುನಾಡಿನ ತೇನಿ ಜಿಲ್ಲೆಯ ಬೋಡಿನಾಯಕನೂರು ಇದಕ್ಕೆ ಹೆಸರಾದ ಜಾಗ. ಇದರ ಎಳೆ ಒಳಗೆ ಟೊಳ್ಳು, ಅದರಲ್ಲಿ ಗಾಳಿಯೇ ಜಾಸ್ತಿ, ಅದಕ್ಕೇ ಹೂವಿನಷ್ಟು ಹಗುರ. ಎಳೆ ಮೇಲೆ ಮೇಣದ ಪದರ ಇರೋದ್ರಿಂದ ನೀರು ಬೇಗ ಹಿಡಿಯಲ್ಲ. ಒಂದು ಕಾಲದಲ್ಲಿ ಹಡಗಿನವರ ತೇಲೋ ಜಾಕೆಟ್‌ಗೆ ಇದನ್ನೇ ತುಂಬುತ್ತಿದ್ದರು. ಎರಡನೇ ಮಹಾಯುದ್ಧದಲ್ಲಿ ಜಪಾನ್ ಸೇನೆ ಜಾವಾ ದ್ವೀಪ ಹಿಡಿದು ಸರಬರಾಜು ನಿಂತಾಗ, ಅಮೆರಿಕದವರು ಎಕ್ಕದ ಜಾತಿಯ ಗಿಡದ ನಾರನ್ನ ಶಾಲೆ ಮಕ್ಕಳ ಕೈಲಿ ಆರಿಸಿ ಜಾಕೆಟ್‌ಗೆ ತುಂಬಿಸಿದ್ರು.

ಇದು ದಿಂಬಿಗೆ, ಹಾಸಿಗೆಗೆ ಚೆನ್ನ. ರಜಾಯಿಗೆ ಸರಿ ಬರಲ್ಲ. ಎಳೆ ಜಾರುತ್ತೆ, ಹೊಲಿಗೆ ರಂಧ್ರದಿಂದ ಹೊರಗೆ ಬರುತ್ತೆ. ಮೆಷಿನ್‌ಗೆ ಹಾಕಿ ಜೋರಾಗಿ ಹಿಂಜಿದ್ರೆ ಎಳೆ ಮುರಿದು ಪುಡಿ ಆಗುತ್ತೆ. ಬಟ್ಟೆ ಒತ್ತಾಗಿ ನೇಯ್ದಿದ್ದು ಇರಲೇಬೇಕು. ಬೆಂಕಿ ತಾಗಿದ್ರೆ ಬಹಳ ಬೇಗ ಹತ್ತಿಕೊಳ್ಳೋ ಮಾಲು ಇದು ಅನ್ನೋದೂ ನೆನಪಿರಲಿ.

3. ಫೈಬರ್: ಗಿರಾಕಿಗಳು ರೆಕ್ರಾನ್ ಅಂತ ಕೇಳೋ ಪಾಲಿಯೆಸ್ಟರ್. ರೆಕ್ರಾನ್ ಒಂದು ಕಂಪನಿಯ ಬ್ರ್ಯಾಂಡ್ ಹೆಸರು, ಎಲ್ಲಾ ಫೈಬರ್ ರೆಕ್ರಾನ್ ಅಲ್ಲ. ಬಿಡಿ ಫೈಬರ್ ದಿಂಬಿಗೆ, ಹಾಳೆ ಹಾಳೆಯಾಗಿ ಬರೋದು ರಜಾಯಿಗೆ. ಹಗುರ, ಮನೆಯಲ್ಲೇ ಒಗೆಯಬಹುದು, ಬೇಗ ಒಣಗುತ್ತೆ. ಬೆವರು ಹೀರೋದಿಲ್ಲ, ಆದ್ದರಿಂದ ಏಪ್ರಿಲ್, ಮೇನಲ್ಲಿ ಹೊದೆಯೋಕೆ ಆಗಲ್ಲ. ಬೆಂಕಿ ತಾಗಿದ್ರೆ ಕರಗಿ ಮೈಗೆ ಅಂಟುತ್ತೆ.

4. ವೇಸ್ಟ್: ಬನಿಯನ್, ಟೀಶರ್ಟ್ ಕಾರ್ಖಾನೆಗಳ ಕಟಿಂಗ್ ಚೂರು, ಹಳೇ ಬಟ್ಟೆ, ಎಲ್ಲ ಅರೆದು ಮಾಡಿದ ಮಾಲು. ಬಣ್ಣ ಬಣ್ಣದ ದಾರದ ತುಂಡು ಕಂಡ್ರೆ ಇದೇ. ವೇಸ್ಟ್ ಮಾರೋದು ಅಪರಾಧ ಅಲ್ಲ, ಕಡಿಮೆ ದುಡ್ಡಿಗೆ ಕೆಳಗೆ ಹಾಸಿಕೊಳ್ಳೋಕೆ ಬೇಕಾದವರೂ ಇದ್ದಾರೆ. ವೇಸ್ಟನ್ನ ಹತ್ತಿ ಅಂತ ಹೇಳಿ ಹತ್ತಿ ರೇಟಿಗೆ ಮಾರೋದು ಮೋಸ.

ಇವು ಬಿಟ್ರೆ ನಮ್ಮ ಅಜ್ಜಿಯರ ಬೊಂತೆ ಇದೆ. ಉತ್ತರ ಕರ್ನಾಟಕದವರು ಇದನ್ನೇ ಕೌದಿ ಅಂತಾರೆ. ಉತ್ತರ ಕನ್ನಡದ ಸಿದ್ದಿ ಹೆಣ್ಣುಮಕ್ಕಳು ಹೊಲಿಯೋ ಕೌದಿ ಈಗ ಹೊರದೇಶದಲ್ಲೂ ಹೆಸರು ಮಾಡಿದೆ. ಅದರಲ್ಲಿ ಹತ್ತಿಯೇ ಇರಲ್ಲ, ಹಳೇ ಸೀರೆ, ಪಂಚೆ ಪದರ ಪದರವಾಗಿ ಇಟ್ಟು ಹತ್ತಿರ ಹತ್ತಿರ ಓಟದ ಹೊಲಿಗೆ ಹಾಕ್ತಾರೆ. ಒಗೆದ್ರೂ ಗಂಟು ಕಟ್ಟಲ್ಲ. ನಮ್ಮ ಊರಿನ ಚಳಿಗೆ ವರ್ಷದಲ್ಲಿ ಒಂಬತ್ತು ತಿಂಗಳು ಅದೇ ಸಾಕು.

ಅಂಗಡಿಯಲ್ಲೇ ಮಾಡಬಹುದಾದ ಪರೀಕ್ಷೆ

ತುಂಬೋಕೆ ಮುಂಚೆ ಒಂದು ಹಿಡಿ ಮಾಲು ಕೈಗೆ ಕೇಳಿ ತಗೊಳ್ಳಿ. ರೆಡಿಮೇಡ್ ಆದ್ರೆ ಜಿಪ್ ಇದ್ದರೆ ತೆಗೆದು ನೋಡಿ.

ಬಣ್ಣ: ಅರಳೆ ಅಂದ್ರೆ ಕೆನೆ ಬಣ್ಣ. ಟ್ಯೂಬ್‌ಲೈಟ್ ತರ ಬೆಳ್ಳಗೆ ಹೊಳೀತಿದ್ರೆ ಫೈಬರ್ ಇರಬಹುದು, ಇಲ್ಲ ಬ್ಲೀಚ್ ಮಾಡಿದ ವೇಸ್ಟ್ ಇರಬಹುದು.

ಮುಷ್ಟಿ: ಹತ್ತು ಎಣಿಸೋ ತನಕ ಗಟ್ಟಿಯಾಗಿ ಹಿಡಿದು ಬಿಡಿ. ಒಳ್ಳೇ ಮಾಲು ನಿಧಾನವಾಗಿ ಮತ್ತೆ ಅರಳುತ್ತೆ. ಉಂಡೆ ಉಂಡೆಯಾಗೇ ಉಳಿದ್ರೆ ಹಾಸಿಗೆಯಲ್ಲೂ ಹಾಗೇ ಆಗುತ್ತೆ.

ಕಪ್ಪು ಬಟ್ಟೆ: ಕಪ್ಪು ಬಟ್ಟೆ ಮೇಲೆ ಕೊಡವಿ ನೋಡಿ. ಧೂಳು, ಎಲೆ ಪುಡಿ, ಬೀಜದ ಸಿಪ್ಪೆ ಎಷ್ಟು ಬಿತ್ತು ಗೊತ್ತಾಗುತ್ತೆ. ಅಷ್ಟಕ್ಕೂ ನೀವು ಹತ್ತಿ ರೇಟೇ ಕೊಡ್ತಿದ್ದೀರಿ.

ಬೆಂಕಿ: ಒಂದು ಚಿಟಿಕೆ ಮಾಲನ್ನ ಇಕ್ಕಳದಲ್ಲಿ ಹಿಡಿದು ಬೆಂಕಿ ತೋರಿಸಿ. ಹತ್ತಿಯಾದ್ರೆ ಕಾಗದ ಸುಟ್ಟ ವಾಸನೆ, ಮೆತ್ತನೆ ಬೂದಿ. ಪಾಲಿಯೆಸ್ಟರ್ ಆದ್ರೆ ಮುದುಡಿ ಕರಗಿ ಗಟ್ಟಿ ಮಣಿ ತರ ಆಗುತ್ತೆ, ಪ್ಲಾಸ್ಟಿಕ್ ವಾಸನೆ. ಎರಡೂ ಕಂಡ್ರೆ ಮಿಕ್ಸ್. ಇದನ್ನ ಅಂಗಡಿ ಒಳಗೆ ಮಾತ್ರ ಮಾಡಬೇಡಿ, ಹತ್ತಿ ಗುಡ್ಡೆ ಪಕ್ಕ ಬೆಂಕಿಕಡ್ಡಿ ಗೀರೋದು ಯಾರಿಗೂ ಒಳ್ಳೇದಲ್ಲ. ರಸ್ತೆಗೆ ಬಂದು ಮಾಡಿ.

ಜಿಎಸ್‌ಎಂ ಅಂದ್ರೆ ಏನು? ತಕ್ಕಡಿ ಹೇಳುತ್ತೆ

ಫೈಬರ್ ರಜಾಯಿ ಕವರ್ ಮೇಲೆ 150 ಜಿಎಸ್‌ಎಂ, 200 ಜಿಎಸ್‌ಎಂ, 300 ಜಿಎಸ್‌ಎಂ ಅಂತ ಬರೆದಿರುತ್ತೆ. ಒಂದು ಚದರ ಮೀಟರ್‌ನಲ್ಲಿ ಅಷ್ಟು ಗ್ರಾಂ ಮಾಲಿದೆ ಅಂತ ಅರ್ಥ. ಲೆಕ್ಕ ಸುಲಭ: ಉದ್ದ ಮತ್ತು ಅಗಲ ಅಡಿಯಲ್ಲಿ ಗುಣಿಸಿ, ಅದನ್ನ ಜಿಎಸ್‌ಎಂನಿಂದ ಗುಣಿಸಿ, 10.76ರಿಂದ ಭಾಗಿಸಿ. ಬರೋದು ಒಳಗಿನ ಮಾಲಿನ ತೂಕ, ಗ್ರಾಂನಲ್ಲಿ.

ಸಿಂಗಲ್ ರಜಾಯಿ 5 ಅಡಿಗೆ 7 ಅಡಿ ಅಂದ್ಕೊಳ್ಳಿ, 35 ಚದರ ಅಡಿ. 150 ಜಿಎಸ್‌ಎಂ ಆದ್ರೆ ಸುಮಾರು 490 ಗ್ರಾಂ, 200 ಆದ್ರೆ 650 ಗ್ರಾಂ, 300 ಆದ್ರೆ 975 ಗ್ರಾಂ ಮಾಲು ಇರಬೇಕು. 7 ಅಡಿಗೆ 8 ಅಡಿಯ ಡಬಲ್ ಆದ್ರೆ 200 ಜಿಎಸ್‌ಎಂಗೆ ಒಂದು ಕೇಜಿ ಮೇಲೆ ಸ್ವಲ್ಪ.

ಇದಕ್ಕೆ ಬಟ್ಟೆ ತೂಕ ಸೇರಿಸಿ. ಸಾಧಾರಣ ಕಾಟನ್ ಬಟ್ಟೆ ಚದರ ಮೀಟರ್‌ಗೆ 100ರಿಂದ 120 ಗ್ರಾಂ ಇದ್ರೆ, ಸಿಂಗಲ್ ರಜಾಯಿಗೆ ಎರಡೂ ಕಡೆ ಸೇರಿ 650ರಿಂದ 780 ಗ್ರಾಂ ಬಟ್ಟೆಯೇ ಆಗುತ್ತೆ. ಅಂದ್ರೆ 200 ಜಿಎಸ್‌ಎಂ ಅಂತ ಹೇಳಿದ ಸಿಂಗಲ್ ರಜಾಯಿ ತಕ್ಕಡಿ ಮೇಲೆ ಹೆಚ್ಚುಕಡಿಮೆ 1.3ರಿಂದ 1.4 ಕೇಜಿ ತೂಗಬೇಕು. ಅಂಥದ್ದೇ ಬಟ್ಟೆಯ ರಜಾಯಿ 900 ಗ್ರಾಂ ತೂಗಿದ್ರೆ ಒಳಗೆ 200 ಜಿಎಸ್‌ಎಂ ಮಾಲು ಇಲ್ಲ. ಪಕ್ಕದ ದಿನಸಿ ಅಂಗಡಿ ತಕ್ಕಡಿ ಸಾಕು ಇದಕ್ಕೆ.

ಹತ್ತಿ ರಜಾಯಿ ಹೊಲಿಸೋರು ಜಿಎಸ್‌ಎಂ ಕೇಳೋದಿಲ್ಲ, ಕೇಜಿ ಕೇಳ್ತಾರೆ. ನಮ್ಮ ಚಳಿಗೆ ಸಿಂಗಲ್‌ಗೆ ಒಂದರಿಂದ ಒಂದೂವರೆ ಕೇಜಿ ಚೆನ್ನಾಗಿ ಹಿಂಜಿದ ಅರಳೆ ಧಾರಾಳ ಆಯ್ತು. ಎರಡು, ಮೂರು ಕೇಜಿ ತುಂಬಿಸಿದ್ರೆ ಉತ್ತರ ಭಾರತದ ರಜಾಯಿ ಆಗುತ್ತೆ, ಇಲ್ಲಿ ಬೀರು ಮೇಲೆ ಕೂರುತ್ತೆ.

ಹೊಲಿಗೆ ಅಂತರ ಅಳೆದು ನೋಡಿ

ಮಾಲು ಎಷ್ಟೇ ಚೆನ್ನಾಗಿದ್ರೂ ಹೊಲಿಗೆ ದೂರ ದೂರ ಇದ್ರೆ ಕೆಲಸ ಕೆಡುತ್ತೆ. ಬಿಡಿ ಅರಳೆ ತುಂಬಿದ ರಜಾಯಿಗೆ ಮೂರು, ನಾಲ್ಕು ಇಂಚಿಗೊಂದು ಹೊಲಿಗೆ ಇರಬೇಕು. ಇಲ್ಲದಿದ್ರೆ ಹತ್ತಿ ಜಾರಿ ಕಾಲ ಕಡೆ ಸೇರುತ್ತೆ. ಹಾಳೆ ರೂಪದ ಫೈಬರ್‌ಗೆ ಎಂಟು ಇಂಚು ಅಂತರ ಇದ್ರೂ ನಡೆಯುತ್ತೆ, ಯಾಕಂದ್ರೆ ಹಾಳೆಯಲ್ಲಿ ಎಳೆಗಳು ಮೊದಲೇ ಒಂದಕ್ಕೊಂದು ಅಂಟಿರುತ್ತೆ.

ಹತ್ತಿ ರಜಾಯಿಯನ್ನ ಒಗೆಯೋ ಯೋಚನೆ ಬೇಡ. ನೀರಿಗೆ ಬಿದ್ದ ಹತ್ತಿ ಕುಗ್ಗುತ್ತೆ, ಉಂಡೆ ಆಗುತ್ತೆ. ಮೇಲೆ ಒಂದು ಗವಸು ಹೊಲಿಸಿ, ಅದನ್ನ ಮಾತ್ರ ಒಗೆಯಿರಿ.

ಹಳೇ ಹತ್ತಿ ಹಿಂಜಿಸೋರು ತೂಕ ಮಾಡಿಸಿ ಕೊಡಿ

ಹತ್ತಿ ಹಿಂಜೋದು ಪಿಂಜಾರರ ಕಸುಬು. ನದಾಫ್ ಅಂತಲೂ ಕರೀತಾರೆ. ಹೆಗಲ ಮೇಲೆ ಬಿಲ್ಲು ಹೊತ್ತು, ಅದರ ದಾರ ಮೀಟುತ್ತಾ ಬೀದಿಗೆ ಬರುತ್ತಿದ್ದರು, ಆ ಟಂಯ್ ಟಂಯ್ ಸದ್ದು ಕೇಳಿದ್ರೆ ಮನೆ ಮನೆಯಿಂದ ಹಾಸಿಗೆ ಹೊರಗೆ ಬರುತ್ತಿತ್ತು. ಈಗ ಆ ಕೆಲಸ ಮೆಷಿನ್ ಮಾಡುತ್ತೆ.

ಒಳ್ಳೇ ಅರಳೆಯನ್ನ ಮತ್ತೆ ಮತ್ತೆ ಹಿಂಜಿಸಿ ಬಳಸಬಹುದು. ಅಮ್ಮನ ಮದುವೆ ಹಾಸಿಗೆ ಹತ್ತಿ ಈಗಿನ ಹೊಸ ಮಾಲಿಗಿಂತ ಚೆನ್ನಾಗಿರೋ ಮನೆಗಳು ಇವೆ. ಅದಕ್ಕೇ ಹುಷಾರು. ಕೊಡೋಕೆ ಮುಂಚೆ ಹಾಸಿಗೆ ತೂಕ ಹಾಕಿಸಿ, ಒಂದು ಹಿಡಿ ಹತ್ತಿ ಕವರ್‌ನಲ್ಲಿ ಮನೆಯಲ್ಲಿ ಇಟ್ಕೊಳ್ಳಿ. ವಾಪಸ್ ಬಂದಾಗ ತೂಕ ಸ್ವಲ್ಪ ಕಡಿಮೆ ಆಗೇ ಆಗುತ್ತೆ, ಧೂಳು ಹೋಗುತ್ತಲ್ಲ. ಆದರೆ ಮಾಲು ಬದಲಾಗಿದೆಯಾ ಅಂತ ಆ ಹಿಡಿ ಹತ್ತಿ ಜೊತೆ ಹೋಲಿಸಿದ್ರೆ ಗೊತ್ತಾಗುತ್ತೆ. ಆಗೋದಾದ್ರೆ ನಿಂತು ಹಿಂಜಿಸಿಕೊಳ್ಳಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು. ಒದ್ದೆಯಾಗಿ ಕಪ್ಪು ಬೂಸ್ಟು ಹಿಡಿದ ಹತ್ತಿಯನ್ನ ಹಿಂಜಿಸಿ ಪ್ರಯೋಜನ ಇಲ್ಲ, ಬಿಸಾಕಿ.

ಗಣಿ ಕೆಲಸ ಮಾಡಿದವರು ಇರೋ ಮನೆಯಲ್ಲಿ

ಇದು ನಮ್ಮ ಊರಿಗೆ ವಿಶೇಷವಾಗಿ ಹೇಳಬೇಕಾದ ಮಾತು. ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ಕ್ಕೆ. ಆದರೆ ಸುರಂಗದಲ್ಲಿ ಕಲ್ಲಿನ ಧೂಳು ಕುಡಿದ ಶ್ವಾಸಕೋಶ ಆವತ್ತಿಗೆ ಸರಿ ಹೋಗಲಿಲ್ಲ. ಸಿಲಿಕೋಸಿಸ್ ಬಂದ್ರೆ ವಾಸಿ ಆಗೋ ಕಾಯಿಲೆ ಅಲ್ಲ, ಕ್ಷಯ ತಗಲೋ ಅಪಾಯವೂ ಅಂಥವರಿಗೆ ಜಾಸ್ತಿ. ಚಾಂಪಿಯನ್ ರೀಫ್, ಕೋರಮಂಡಲ್, ಮಾರಿಕುಪ್ಪಂ ಕಡೆ ಲೈನ್ ಮನೆಗಳಲ್ಲಿ ತಾತ ಕೆಮ್ಮೋದು ಮಾಮೂಲು ಅಂತ ಬಿಟ್ಟುಬಿಟ್ಟಿದ್ದೀವಿ.

ಅಂಥ ಮನೆಯಲ್ಲಿ ಹಾಸಿಗೆ ಬಿಚ್ಚಿ ಹತ್ತಿ ಬಡಿಯೋದು, ದಿಂಬು ಕೊಡವೋದು ಒಳಗೆ ಮಾಡಲೇಬೇಡಿ. ಹತ್ತಿ ಧೂಳು ಕೂಡ ಶ್ವಾಸಕೋಶಕ್ಕೆ ಕೆಟ್ಟದ್ದು, ಗಿರಣಿ ಕೆಲಸಗಾರರಿಗೆ ಅದರಿಂದಲೇ ಬರೋ ಬೇರೆ ಕಾಯಿಲೆ ಇದೆ. ಅವರಿಗೆ ಹೊದೆಯೋಕೆ ಹಗುರವಾದ, ಒಗೆಯೋಕೆ ಆಗೋ ಫೈಬರ್ ರಜಾಯಿ ವಾಸಿ. ಎದೆ ಮೇಲೆ ಭಾರ ಇರಲ್ಲ, ಹದಿನೈದು ದಿನಕ್ಕೊಮ್ಮೆ ಒಗೆದು ಹಾಕಬಹುದು. ಕೆಳಗೆ ಹತ್ತಿ ಹಾಸಿಗೆ ಇರಲಿ, ಆದರೆ ಒತ್ತಾದ ಬಟ್ಟೆಯ ಗವಸು ಹಾಕಿ. ದಮ್ಮು ಇರೋ ಮಕ್ಕಳಿಗೂ ಇದೇ ಮಾತು.

ಬಿಸಿಲಿಗೆ ಹಾಕೋದರಲ್ಲೂ ಒಂದು ಎಚ್ಚರ. ಹತ್ತಿ ಹಾಸಿಗೆಗೆ ಬಿಸಿಲಿಗಿಂತ ದೊಡ್ಡ ಔಷಧಿ ಇಲ್ಲ, ತೇವ ಹೋಗುತ್ತೆ, ಎಳೆ ಅರಳುತ್ತೆ. ಆದರೆ ಸೈನೈಡ್ ದಿಬ್ಬಗಳ ಸುತ್ತಮುತ್ತ ಇರೋರು ಗಾಳಿ ನೋಡಿ ಹಾಕಿ. ಗಾಳಿ ಜೋರಿದ್ದ ದಿನ ದಿಬ್ಬದ ನುಣ್ಣನೆ ಪುಡಿ ಹಾರಿ ಬಂದು ಹಾಸಿಗೆ ಮೇಲೆ ಕೂರುತ್ತೆ, ರಾತ್ರಿ ಅದರ ಮೇಲೇ ಮುಖ ಇಟ್ಟು ಮಲಗ್ತೀವಿ. ಗಾಳಿ ಇಲ್ಲದ ದಿನ, ಬೆಳಗ್ಗೆ ಹತ್ತರಿಂದ ಮೂರರ ಒಳಗೆ ಎರಡೂ ಮಗ್ಗುಲು ಒಣಗಿಸಿ, ಒದ್ದೆ ಬಟ್ಟೆಯಲ್ಲಿ ಮೇಲ್ಗಡೆ ಒರೆಸಿ ಒಳಗೆ ತನ್ನಿ.

ಒಂದು ವರ್ಷದ ಒಳಗಿನ ಮಗುವಿಗೆ ದಪ್ಪ ರಜಾಯಿ, ಮೆತ್ತನೆ ದಿಂಬು ಮುಖದ ಹತ್ತಿರ ಬೇಡ, ಉಸಿರು ಕಟ್ಟೋ ಅಪಾಯ ಇರುತ್ತೆ. ಗಟ್ಟಿಯಾದ ಸಮತಟ್ಟು ಹಾಸಿಗೆ ಮೇಲೆ ಅಂಗಾತ ಮಲಗಿಸಿ, ಬೆಚ್ಚಗಿನ ಬಟ್ಟೆ ಹಾಕಿದ್ರೆ ಸಾಕು. ಇನ್ನು ಸೊಳ್ಳೆ ಬತ್ತಿ. ಯಾವ ಮಾಲಿನ ಹಾಸಿಗೆಯೇ ಆಗಲಿ, ಪಕ್ಕದಲ್ಲಿ ಇಡಬೇಡಿ. ಹತ್ತಿ ಒಳಗೊಳಗೇ ಕೆಂಡ ಹಿಡಿದು ಗಂಟೆಗಟ್ಟಲೆ ಹೊಗೆಯಾಡುತ್ತೆ.

ಯಾರಿಗೆ ಯಾವುದು?

ನೆಲದ ಮೇಲೆ ಮಲಗೋರು, ಬೆಳಗ್ಗೆ ಸುತ್ತಿ ಇಡೋರು: ತೆಳ್ಳನೆ ಅರಳೆ ಹಾಸಿಗೆ, ಕೆಳಗೆ ಚಾಪೆ.
ಮದುವೆಗೆ ಕೊಡೋ ಹಾಸಿಗೆ: ಒಳ್ಳೇ ಅರಳೆ. ಹಿಂಜಿಸಿ ಹಿಂಜಿಸಿ ವರ್ಷಗಟ್ಟಲೆ ಬಳಸಬಹುದು.
ದಿಂಬು: ಬೂರುಗ, ಇಲ್ಲ ಅರಳೆ. ಒಗೆಯಲೇಬೇಕು ಅನ್ನೋರಿಗೆ ಫೈಬರ್.
ಬೆಂಗಳೂರಲ್ಲಿ ಪಿಜಿ, ಹಾಸ್ಟೆಲ್‌ನಲ್ಲಿರೋ ಮಕ್ಕಳು: 200 ಜಿಎಸ್‌ಎಂ ಫೈಬರ್ ರಜಾಯಿ. ಟ್ರೈನ್‌ನಲ್ಲಿ ಹೊರೋಕೂ ಹಗುರ.
ಮಳೆಗೆ ಸೋರೋ ಮನೆ: ಹೊದೆಯೋಕೆ ಫೈಬರ್ ಅಥವಾ ಬೊಂತೆ. ಹತ್ತಿ ಒದ್ದೆಯಾದ್ರೆ ಆ ಕಾಲದಲ್ಲಿ ಒಣಗಲ್ಲ.

ಅಂಗಡಿಯವರಿಗೆ ಒಂದು ಮಾತು

ಆನ್‌ಲೈನ್‌ನಲ್ಲಿ ಕಡಿಮೆಗೆ ಸಿಗುತ್ತೆ ಅಂತ ಗಿರಾಕಿ ಹೇಳೋದು ದಿನಾ ಇರೋದೇ. ಆನ್‌ಲೈನ್‌ನವರು ಮಾಡೋಕಾಗದ ಒಂದು ಕೆಲಸ ನೀವು ಮಾಡಬಹುದು: ಕಣ್ಣೆದುರು ತೂಗಿ, ಕಣ್ಣೆದುರು ತುಂಬೋದು. ಬಿಲ್‌ನಲ್ಲಿ ಮೂರು ಸಾಲು ಬರೆದುಕೊಡಿ. ಮಾಲು ಯಾವುದು, ಎಷ್ಟು ಕೇಜಿ ಅಥವಾ ಎಷ್ಟು ಜಿಎಸ್‌ಎಂ, ಬಟ್ಟೆಗೆ ಎಷ್ಟು ಮತ್ತು ಮಜೂರಿ ಎಷ್ಟು. ಮಿಕ್ಸ್ ಆದ್ರೆ ಮಿಕ್ಸ್ ಅಂತ, ವೇಸ್ಟ್ ಆದ್ರೆ ವೇಸ್ಟ್ ಅಂತಲೇ ಬರೆಯಿರಿ. ನಾಳೆ ಗಂಟು ಕಟ್ಟಿದೆ ಅಂತ ಗಿರಾಕಿ ಬಂದಾಗ ಆ ಚೀಟಿ ನಿಮ್ಮ ಪರವಾಗೇ ಮಾತಾಡುತ್ತೆ.

ಗಿರಾಕಿಗಳೂ ಅಷ್ಟೇ. ಬಿಲ್ ಇಲ್ಲದೆ ತಗೊಂಡು ಆಮೇಲೆ ಜಗಳ ಆಡಿದ್ರೆ ಯಾರೂ ಏನೂ ಮಾಡೋಕಾಗಲ್ಲ. ಹತ್ತಿ ಅಂತ ಬಿಲ್‌ನಲ್ಲಿ ಬರೆದು ಬೇರೆ ತುಂಬಿದ್ರೆ, 2019ರ ಗ್ರಾಹಕ ರಕ್ಷಣಾ ಕಾಯ್ದೆ ಪ್ರಕಾರ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ಅದಕ್ಕೂ ಮುಂಚೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ಕೇಳಬಹುದು. ತೂಕದಲ್ಲಿ ಮೋಸ ಆಗಿದ್ರೆ ಕಾನೂನು ಮಾಪನ ಇಲಾಖೆಗೆ ಹೇಳಬೇಕು. ಯಾವುದಕ್ಕೂ ಬಿಲ್ ಮತ್ತು ಆ ಒಂದು ಹಿಡಿ ಸ್ಯಾಂಪಲ್ ಜೋಪಾನವಾಗಿ ಇಟ್ಟಿರಿ.